ಒಂದು ವಾಕ್ಯಕ್ಕೆ ಆಧಾರ ಬೇಕಾಗಿದೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನನಗೆ ಕಾಮಾ ಎಲ್ಲಿ ಹಾಕಬೇಕೆಂದು ಗೊತ್ತಿಲ್ಲ. ವಯಸ್ಸು ಐವತ್ತಾರು. ಚಿಕ್ಕೋಡಿಯಲ್ಲಿ ಕಣ್ಣಿನ ವೈದ್ಯನಾಗಿ ಅರ್ಧ ಆಯುಷ್ಯ ಕಳೆದಿದ್ದೇನೆ. ಕೂದಲಿಗಿಂತ ತೆಳ್ಳಗಿನ ದಾರದಿಂದ ಕಣ್ಣಿಗೆ ಹೊಲಿಗೆ ಹಾಕುವಾಗ ತಪ್ಪದ ಕೈ ಈಗೀಗ ಕಂಪ್ಯೂಟರಿನ ಮುಂದೆ ತಪ್ಪುತ್ತದೆ. ಯಾರೋ ಎಂದೂ ಕಾಣದ ಮಹಾನುಭಾವನ ಹೆಸರಾದ ಮೇಲೆ ಚುಕ್ಕೆಯೋ ಕಾಮಾವೋ, ಇಸವಿ ಆದ ಮೇಲೆ ಅರ್ಧವಿರಾಮವೋ ಪೂರ್ಣವಿರಾಮವೋ ಎಂದು ಯೋಚಿಸುತ್ತ ಕುಳಿತರೆ ಚಹಾ ಆರಿ ಕೆನೆಗಟ್ಟುತ್ತದೆ. ಹೀಗೆ ಕುಳಿತು ಒಂದೂವರೆ ವರ್ಷವಾಯಿತು. ನಗಬೇಡಿ, ಅಥವಾ ನಕ್ಕುಬಿಡಿ. ನಗುವವರಾದರೂ ಇದ್ದರೆ ನನಗೆ ಸ್ವಲ್ಪ ಸಮಾಧಾನ.

ಸಂಗತಿ ಇಷ್ಟು. ನಮ್ಮ ಕಡೆ ಎತ್ತ ನೋಡಿದರೂ ಕಬ್ಬು. ಕಬ್ಬಿನ ಒಣಗಿದ ಗರಿಗೆ ಇಲ್ಲಿಯವರು ರವದಿ ಅನ್ನುತ್ತಾರೆ. ಅದರ ಅಂಚು ಗರಗಸ. ಕಬ್ಬು ಕಡಿಯುವಾಗ ಬಗ್ಗಿದವರ ಕಣ್ಣಿಗೆ ಅದು ಸರಕ್ಕನೆ ಗೀರಿದರೆ ಗಾಯದೊಳಗೆ ಬೂಷ್ಟು ಸೇರಿಕೊಳ್ಳುತ್ತದೆ. ಒಂದೆರಡು ದಿನದಲ್ಲಿ ಸರಿಯಾದ ಹನಿ ಔಷಧ ಬಿದ್ದರೆ ಕಣ್ಣು ಉಳಿಯುತ್ತದೆ. ಆರನೆಯ ದಿನ ಬಂದರೆ ಕಪ್ಪುಗುಡ್ಡೆಯ ಮೇಲೆ ಬೇಯಿಸಿದ ಮೊಟ್ಟೆಯ ಬಿಳಿ ಕೂತಿರುತ್ತದೆ, ಆಮೇಲೆ ನಾನೂ ಅಷ್ಟೇ, ದೇವರೂ ಅಷ್ಟೇ. ನಮ್ಮವರು ಬರುವುದು ಆರನೆಯ ದಿನ.

ಯಾಕೆ ತಡವಾಗುತ್ತದೆಂದು ಈ ಸೀಮೆಯಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು. ಕಣ್ಣಿನಲ್ಲಿ ಏನೇ ಬಿದ್ದರೂ ಮೊದಲು ಹೋಗುವುದು ಕಸ ತೆಗೆಯುವ ಹೆಂಗಸಿನ ಹತ್ತಿರ. ಅಂಥವರು ಹತ್ತು ಊರಿಗೆ ಒಬ್ಬರಾದರೂ ಇರುತ್ತಾರೆ. ಬಾಯಿ ಮುಕ್ಕಳಿಸಿ, ರೆಪ್ಪೆಯನ್ನು ಹೆಬ್ಬೆರಳಿನಿಂದ ಎತ್ತಿಹಿಡಿದು, ನಾಲಿಗೆಯ ತುದಿಯಿಂದ ಒಂದು ಸಲ ಸವರಿದರೆ ಹೊಟ್ಟು, ದೂಳು, ಸಣ್ಣ ಹುಳ ಎಲ್ಲ ಹೊರಗೆ. ರಾಯಬಾಗದ ಹತ್ತಿರದ ನಮ್ಮೂರಿನಲ್ಲಿ ನನ್ನ ಕಣ್ಣಿನಿಂದಲೇ ಪಕ್ಕದ ಮನೆಯ ಅಜ್ಜಿಯೊಬ್ಬಳು ಜೋಳದ ರವೆ ತೆಗೆದಿದ್ದಳು. ಅಂಥ ನಾಜೂಕು ನನ್ನ ಚಿಮಟಕ್ಕೂ ಬಂದಿಲ್ಲ ಎಂದು ಹೊಟ್ಟೆಕಿಚ್ಚಿನಿಂದಲೇ ಹೇಳುತ್ತೇನೆ. ಆದರೆ ರವದಿಯ ಗಾಯಕ್ಕೆ ಈ ವಿದ್ಯೆ ನಡೆಯುವುದಿಲ್ಲ. ಎರಡು ದಿನ ಹಗುರ ಅನ್ನಿಸುತ್ತದೆ. ಆ ಎರಡೇ ದಿನದಲ್ಲಿ ಬೂಷ್ಟು ತನ್ನ ಸಂಸಾರ ಹೂಡಿಬಿಡುತ್ತದೆ.

ಆ ಹನಿ ಔಷಧವನ್ನು ಊರೂರಿನ ಆರೋಗ್ಯ ಕೇಂದ್ರದಲ್ಲಿ ಇಡಿಸಿ, ಕಬ್ಬಿನ ಹಂಗಾಮಿಗೆ ಮುಂಚೆ ಜನರಿಗೆ ತಿಳಿಹೇಳಿಸಬೇಕೆಂದು ಒಬ್ಬ ಮೇಲಧಿಕಾರಿಯ ಮುಂದೆ ಹೋಗಿ ನಿಂತೆ. ಅವರು ಸಜ್ಜನರು. ಕೂರಿಸಿ, ಪೂರ್ತಿ ಕೇಳಿ, "ಡಾಕ್ಟರ, ನೀವು ಹೇಳೂದು ಖರೇ ಇರಬಹುದು. ಆದ್ರ ಎಲ್ಲೆರ ಛಾಪಿಸಿದ್ದು ಇದ್ರ ತೊಗೊಂಡ ಬರ್ರಿ. ಬಾಯಿಮಾತಿನ ಮ್ಯಾಲ ನಾ ಫೈಲ್ ಹೆಂಗ ಮುಂದ ಕಳಸ್ಲಿ?" ಅಂದರು. ಸರಿ, ಛಾಪಿಸೋಣ, ಅದರಲ್ಲೇನಿದೆ ಎಂದು ಉತ್ಸಾಹದಿಂದ ಮನೆಗೆ ಬಂದೆ. ಆವತ್ತಿನ ಆ ಉತ್ಸಾಹವನ್ನು ನೆನೆದರೆ ಈಗ ನನಗೇ ಅಯ್ಯೋ ಅನ್ನಿಸುತ್ತದೆ.

ಲೇಖನ ಬರೆಯಲು ಹದಿನೈದು ದಿನ ಸಾಕಾಯಿತು. ಕೊನೆಗೆ ಹಚ್ಚುವ ಆಧಾರಗಳ ಪಟ್ಟಿ, ಅಂದರೆ ಯಾವ ಮಾತನ್ನು ಯಾರಿಂದ ಪಡೆದೆ ಎಂಬ ಜಾಬಿತಾ, ನನ್ನನ್ನು ನುಂಗಿತು. ವೈದ್ಯ ಪತ್ರಿಕೆಗಳ ನಿಯಮ ನಿಮಗೆ ಗೊತ್ತಿರಲಿಕ್ಕಿಲ್ಲ, ನಿಮ್ಮ ಪುಣ್ಯ. ಅಡ್ಡಹೆಸರು ಮೊದಲು, ಹೆಸರಿನ ಒಂದೇ ಅಕ್ಷರ ಆಮೇಲೆ, ನಡುವೆ ಚುಕ್ಕೆ ಕೂಡದು. ಆರು ಜನರ ತನಕ ಹೆಸರು ಬರೆಯಬೇಕು, ಏಳನೆಯವನಿಂದ ಎಲ್ಲರೂ 'ಮತ್ತಿತರರು'. ಪತ್ರಿಕೆಯ ಹೆಸರನ್ನು ಪೂರ್ತಿ ಬರೆದರೆ ತಪ್ಪು, ಅದಕ್ಕೊಂದು ಮೊಟಕು ರೂಪವಿದೆ, ಆ ಮೊಟಕನ್ನು ಹುಡುಕಲು ಇನ್ನೊಂದು ಪಟ್ಟಿಯಿದೆ. ಪುಟ ಇನ್ನೂರ ಎಂಬತ್ನಾಲ್ಕರಿಂದ ಇನ್ನೂರ ಎಂಬತ್ತೊಂಬತ್ತು ಎನ್ನುವಂತಿಲ್ಲ, ಇನ್ನೂರ ಎಂಬತ್ನಾಲ್ಕರಿಂದ ಒಂಬತ್ತು ಅನ್ನಬೇಕು. ಇವೆಲ್ಲ ಲೇಖನದಲ್ಲಿ ಬಂದ ಕ್ರಮದಲ್ಲೇ ಒಂದು, ಎರಡು ಎಂದು ಸಾಲಾಗಿರಬೇಕು. ನಡುವೆ ಒಬ್ಬ ಹೊಸಬನನ್ನು ತೂರಿಸಿದಿರೋ, ಅವನ ಕೆಳಗಿನವರೆಲ್ಲ ಒಂದೊಂದು ಮೆಟ್ಟಿಲು ಇಳಿಯಬೇಕು. ಮದುವೆ ಮನೆಯ ಪಂಕ್ತಿಯಲ್ಲಿ ತಡವಾಗಿ ಬಂದ ಬೀಗರನ್ನು ನಡುವೆ ಕೂರಿಸಿದ ಹಾಗೆ.

ನಮ್ಮ ಹಿರಿಯರಿಗೆ ಈ ಕಾಟವಿರಲಿಲ್ಲ. ಹಳೆಯ ಶಾಸನಗಳನ್ನು ನೋಡಿ. ದಾನ ಕೊಟ್ಟ ಹೊಲದ ನಾಲ್ಕು ಎಲ್ಲೆ ಹೇಳಿ, ಸೂರ್ಯ ಚಂದ್ರರಿರುವವರೆಗೆ ಎಂದು ಮುಗಿಸುತ್ತಾರೆ. ಇದನ್ನು ಕೆಡಿಸಿದವನಿಗೆ ಕಾಶಿಯಲ್ಲಿ ಕಪಿಲೆ ಹಸುವನ್ನು ಕೊಂದ ಪಾಪ ಎಂದು ಒಂದು ಗದರಿಕೆಯನ್ನೂ ಹಾಕಿರುತ್ತಾರೆ. ಆ ಕಲ್ಲು ಇಂದು ನನ್ನ ಸಂಪಾದಕರ ಕೈಗೆ ಸಿಕ್ಕರೆ ಸೂರ್ಯನ ಅಡ್ಡಹೆಸರೇನು, ಚಂದ್ರ ಪ್ರಕಟವಾದ ವರ್ಷ ಯಾವುದು, ಸಂಪುಟ ಎಷ್ಟು, ಕಪಿಲೆಯ ವಿಷಯಕ್ಕೆ ನೈತಿಕ ಸಮಿತಿಯ ಅನುಮತಿ ಪಡೆದಿದ್ದೀರಾ ಎಂದು ತಿರುಗಿ ಕಳಿಸುತ್ತಿದ್ದರು. ಕಲ್ಲು ಕೆತ್ತುವವನು ಉಳಿಯನ್ನು ಹೊಳೆಗೆ ಎಸೆದು ಎಮ್ಮೆ ಕಾಯಲು ಹೋಗುತ್ತಿದ್ದ.

ಇದಕ್ಕೆಲ್ಲ ಸಾಫ್ಟ್‌ವೇರ್ ಇದೆಯೆಂದು ಹೇಳಿದವರಿದ್ದಾರೆ. ಹಾಕಿಸಿದೆ. ತಜ್ಞರ ಸಮಿತಿಯೊಂದರ ವರದಿಯನ್ನು ಅದು ಓದಿ, 'ಸಮಿತಿ' ಎಂಬುದು ಯಾರದೋ ಅಡ್ಡಹೆಸರು ಎಂದು ತಿಳಿದು, ಆ ಮನುಷ್ಯನಿಗೆ ಒಂದು ಇನಿಷಿಯಲ್ಲನ್ನೂ ದಯಪಾಲಿಸಿ, ಪಾಟೀಲ ಮತ್ತು ಶಿಂಧೆಯವರ ನಡುವೆ ಕೂರಿಸಿತು. ನಾನು ಅದನ್ನು ಅಳಿಸಿದೆ. ಅಳಿಸಿದಾಗ ಉಳಿದವರೂ ಅಳಿಸಿಹೋದರು.

ಆ ಹತಾಶೆಯಲ್ಲಿ ಮಾಡಿದ ಕೆಲಸವನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಬಸ್ ಸ್ಟ್ಯಾಂಡಿನ ಹಿಂದೆ ಅಣ್ಣಪ್ಪ ಎಂಬವರ ಮುದ್ರಣಾಲಯವಿದೆ. ಲಗ್ನಪತ್ರಿಕೆಗೆ ಹೆಸರಾದವರು. ಈ ಭಾಗದ ಲಗ್ನಪತ್ರಿಕೆ ಎಂದರೆ ಸಣ್ಣ ಮಾತಲ್ಲ. ವಧೂವರರ ಹೆಸರು ಹುಡುಕಲು ಭೂತಗನ್ನಡಿ ಬೇಕು, ಉಳಿದದ್ದೆಲ್ಲ ಮಾವಂದಿರು, ಕಾಕಾಗಳು, ಸೋದರತ್ತೆಯ ಮೈದುನರು. ಒಬ್ಬರ ಹೆಸರು ಬಿಟ್ಟುಹೋದರೆ ಒಂದು ತಲೆಮಾರಿನ ಮುನಿಸು. ಇಂಥ ಪಟ್ಟಿಗಳನ್ನು ತಪ್ಪಿಲ್ಲದೆ ಜೋಡಿಸುವ ಮನುಷ್ಯ ನನ್ನ ಪಟ್ಟಿಯನ್ನು ಜೋಡಿಸಲಾರನೇ ಎಂದು ಯೋಚಿಸಿ, ಕಾಗದಗಳನ್ನೆಲ್ಲ ಅಲ್ಲಿಗೆ ಹೊತ್ತೊಯ್ದೆ. ಅಣ್ಣಪ್ಪ ಕನ್ನಡಕ ಏರಿಸಿ ಮೇಲಿಂದ ಕೆಳಗೆ ಓದಿದರು.

"ಭಾಳ ದೊಡ್ಡ ಮನೆತನ ಐತ್ರಿ. ಇದರಾಗ ಹಿರ್ಯಾರು ಯಾರು?"

"ಈತ ಭಾಳ ಹಳಬ," ಎಂದು ಒಬ್ಬ ಪರದೇಶದ ಪ್ರೊಫೆಸರರನ್ನು ತೋರಿಸಿದೆ. "ಇವರು ನಮ್ಮ ಗುರುಗಳು."

"ತೀರಿಕೊಂಡಾರೇನ್ರಿ?"

"ಹೌದ್ರಿ, ಇಬ್ಬರೂ ಇಲ್ಲ ಈಗ."

"ಆತು ಬಿಡ್ರಿ, ನಾ ನೋಡಕೋತೀನಿ. ಸಂಜೀಕ ಬರ್ರಿ."

ಸಂಜೆ ಹೋದೆ. ಮುತ್ತಿನ ಸಾಲಿನಂತೆ ಜೋಡಿಸಿದ್ದರು. ಒಂದು ಕಾಮಾ ಆಚೀಚೆ ಇರಲಿಲ್ಲ. ಸುಸ್ತಾಗಿದ್ದ ನಾನು ಮೊದಲ ಪುಟದ ಮೇಲೆ ಕಣ್ಣಾಡಿಸಿ ಫೈಲನ್ನು ತಂದು ಪತ್ರಿಕೆಗೆ ಕಳಿಸಿಬಿಟ್ಟೆ. ಆರು ವಾರಕ್ಕೆ ಉತ್ತರ ಬಂತು. ಆಧಾರಗಳು ಲೇಖನದಲ್ಲಿ ಬಂದ ಕ್ರಮದಲ್ಲಿಲ್ಲ, ಯಾವ ಕ್ರಮದಲ್ಲಿವೆಯೋ ತಮ್ಮ ಸಂಪಾದಕ ಮಂಡಳಿಗೆ ತಿಳಿಯಲಿಲ್ಲ, ಮತ್ತು ಎರಡು ಹೆಸರುಗಳ ಹಿಂದಿರುವ 'ಕೈ.' ಎಂಬ ಅಕ್ಷರ ಯಾವ ಪದವಿಯನ್ನು ಸೂಚಿಸುತ್ತದೆ ಎಂದು ವಿನಯದಿಂದ ಕೇಳಿದ್ದರು. ಅಣ್ಣಪ್ಪ ಎಲ್ಲರನ್ನೂ ಹಿರಿತನದ ಪ್ರಕಾರ ಕೂರಿಸಿದ್ದರು. ತೀರಿಕೊಂಡ ಇಬ್ಬರಿಗೂ ನಮ್ಮ ಪದ್ಧತಿಯಂತೆ ಕೈಲಾಸವಾಸಿ ಎಂದು ಗೌರವ ಸಲ್ಲಿಸಿದ್ದರು. ಕೈಲಾಸ ಎಲ್ಲಿದೆ ಎಂದೂ ಕೇಳದ ಆ ಪ್ರೊಫೆಸರರಿಗೆ ಪುಗಸಟ್ಟೆ ಮೋಕ್ಷ ಸಿಕ್ಕಿತ್ತು.

ನನ್ನ ಹೆಂಡತಿ ಸುಮಿತ್ರಾ ನಿಪ್ಪಾಣಿಯವಳು, ಅರ್ಧ ಮರಾಠಿಯಲ್ಲಿ ನಗುತ್ತಾಳೆ, ಅರ್ಧ ಕನ್ನಡದಲ್ಲಿ. ಅವತ್ತು ಎರಡರಲ್ಲೂ ನಕ್ಕಳು. ನಾನು ನಗಲಿಲ್ಲ. ಆ ಆರು ವಾರದಲ್ಲಿ ಕಬ್ಬಿನ ಹಂಗಾಮು ಶುರುವಾಗಿತ್ತು. ಪತ್ರ ಬಂದ ದಿನವೇ ಮಾಂಜರಿಯಿಂದ ಒಬ್ಬ ರೈತ ಬಂದಿದ್ದ, ಆರನೆಯ ದಿನ, ಎಡಗಣ್ಣು. "ಇದೊಂದ ಹೋದ್ರ ಹೋಗ್ಲಿ ಬಿಡ್ರಿ ಸಾಹೇಬ್ರ, ಇನ್ನೊಂದ ಐತಲ್ಲ," ಎಂದು ಅವನೇ ನನಗೆ ಸಮಾಧಾನ ಹೇಳಿ ಹೋದ. ಹಾಗೆ ಹೇಳುವವರ ಮುಂದೆ ಕೂತಿರುವುದು ಬಹಳ ಕಷ್ಟದ ಕೆಲಸ.

ಮತ್ತೆ ಜೋಡಿಸಿದೆ, ಈ ಸಲ ಕೈಯಾರೆ. ಜೋಡಿಸುವಾಗ ಒಂದು ಚಾಳಿ ಅಂಟಿಕೊಂಡಿತು. ನಾನು ಹೆಸರಿಸುತ್ತಿರುವ ಲೇಖನ ತನ್ನ ಮಾತಿಗೆ ಯಾರನ್ನು ಹೆಸರಿಸಿದೆ ಎಂದು ತೆಗೆದು ನೋಡುವುದು. ರವದಿಯ ಗಾಯ ಬೇಗ ಬೂಷ್ಟು ಹಿಡಿಯುತ್ತದೆ ಎಂದು ಎಲ್ಲರೂ ಹೇಳುವ ಒಂದು ಮಾತಿದೆ. ಅದಕ್ಕೆ ಒಬ್ಬ ಇನ್ನೊಬ್ಬನತ್ತ ಬೆರಳು ತೋರಿಸಿದ್ದ. ಆ ಇನ್ನೊಬ್ಬ ಮತ್ತೊಬ್ಬನತ್ತ. ಹೀಗೆ ಬೆರಳು ಹಿಡಿದು ನಡೆಯುತ್ತ ಹೋದೆ. ಕಟ್ಟಕಡೆಯ ಮಹಾಶಯ ಯಾರನ್ನೂ ತೋರಿಸದೆ, 'ಎಲ್ಲರಿಗೂ ತಿಳಿದಿರುವಂತೆ' ಎಂದು ಬರೆದು ಸುಮ್ಮನಾಗಿದ್ದ. ಅಷ್ಟು ದೂರ ನಡೆದು ಮುಟ್ಟಿದ್ದು ನಮ್ಮೂರಿನ ಅಗಸೆ ಬಾಗಿಲಿನ ಕಟ್ಟೆಗೆ. ಅಲ್ಲಿ ಕೂತವರೂ ಇದನ್ನೇ ಹೇಳುತ್ತಾರೆ, ಅವರನ್ನು ಮಾತ್ರ ಯಾರೂ ಅಚ್ಚು ಹಾಕುವುದಿಲ್ಲ.

ಎರಡನೆಯ ಸಲ ಕಳಿಸಿದ್ದಕ್ಕೆ ಉತ್ತರ ಬರುವ ಹೊತ್ತಿಗೆ ಆ ಹಂಗಾಮು ಮುಗಿದು, ಮಳೆಗಾಲವೂ ಮುಗಿದಿತ್ತು. ಮೂವತ್ತೊಂದು ಆಧಾರಗಳೂ ಒಪ್ಪಿತವಾಗಿದ್ದವು. ಆದರೆ ಲೇಖನದ ಹದಿನಾಲ್ಕನೆಯ ವಾಕ್ಯಕ್ಕೆ ಪರಿಶೀಲಕರೊಬ್ಬರು ಕೆಂಪು ಗೆರೆ ಎಳೆದಿದ್ದರು. 'ಈ ಪ್ರದೇಶದಲ್ಲಿ ಕಣ್ಣಿಗೆ ಪೆಟ್ಟಾದವರು ಮೊದಲು ನಾಲಿಗೆಯಿಂದ ಕಸ ತೆಗೆಯುವ ಸ್ಥಳೀಯ ಮಹಿಳೆಯರ ಬಳಿ ಹೋಗುತ್ತಾರೆ, ಇದರಿಂದ ಚಿಕಿತ್ಸೆ ತಡವಾಗಿ ಕೆಲವರು ದೃಷ್ಟಿ ಕಳೆದುಕೊಳ್ಳುತ್ತಾರೆ' ಎಂಬ ವಾಕ್ಯ. ಪಕ್ಕದಲ್ಲಿ: ಆಧಾರ ಕೊಡಿ, ಇಲ್ಲವೇ ಅಳಿಸಿ.

ಅಳಿಸುವುದೇ? ಉಳಿದ ಲೇಖನ ಇರುವುದೇ ಆ ಒಂದು ವಾಕ್ಯವನ್ನು ಹೊತ್ತು ನಿಲ್ಲಲು. ಜನ ತಡವಾಗಿ ಯಾಕೆ ಬರುತ್ತಾರೆಂದು ಹೇಳದೆ, ಬೇಗ ಬರಬೇಕೆಂದು ಯಾವ ಬಾಯಿಂದ ಹೇಳಲಿ? ಆಧಾರ ಹುಡುಕಿದೆ. ಯಾರೂ ಬರೆದಿರಲಿಲ್ಲ. ನಮ್ಮಲ್ಲಿ ಇದನ್ನು ಬರೆಯುವುದು ಎಂದರೆ ಕೃಷ್ಣೆಯಲ್ಲಿ ನೀರಿದೆ ಎಂದು ಬರೆದ ಹಾಗೆ. ನನ್ನ ಕಣ್ಣಿನಿಂದ ಜೋಳದ ರವೆ ತೆಗೆದ ಅಜ್ಜಿಯನ್ನು ಹೆಸರಿಸೋಣವೆಂದರೆ ಆಕೆ ಯಾವ ಸಂಪುಟದಲ್ಲೂ ಇಲ್ಲ. ಎರಡನೆಯ ಹಂಗಾಮು ಬಂತು, ಹೋಗುತ್ತಲೂ ಇತ್ತು. ನಾನು ಸಂಪಾದಕರಿಗೆ ಪತ್ರ ಬರೆಯುತ್ತಿದ್ದೆ, ಅವರು ನಿಧಾನವಾಗಿ ಉತ್ತರಿಸುತ್ತಿದ್ದರು. ನನ್ನ ಕೋಣೆಯ ಬೆಂಚಿನ ಮೇಲೆ ಆರನೆಯ ದಿನದವರು ಕೂತಿರುತ್ತಿದ್ದರು. ಪ್ರತಿಯೊಬ್ಬರನ್ನೂ ಮೊದಲು ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿ, ಹೆಚ್ಚಿನವರು ಹೇಳಿದಂತೆ 'ಯಡೂರು, ಕಸ ತೆಗೆಯುವ ಶಾಂತವ್ವ' ಎಂದು ಬರೆದುಕೊಳ್ಳುತ್ತಿದ್ದೆ. ಆಗ ನನಗೆ ನನ್ನ ಶಿಸ್ತಿನ ಬಗ್ಗೆ ಹೆಮ್ಮೆಯಿತ್ತು.

ಕೊನೆಗೆ ಸಂಪಾದಕರು ಒಂದು ದಾರಿ ತೋರಿಸಿದರು. ಅಚ್ಚಾದ ಆಧಾರ ಇಲ್ಲವಾದರೆ, ವಿಷಯ ಬಲ್ಲವರು ಖುದ್ದಾಗಿ ತಿಳಿಸಿದ್ದು ಎಂದು ವಾಕ್ಯದ ನಡುವೆಯೇ ಹೆಸರು ಹಾಕಬಹುದು. ಆದರೆ ಆ ವಾಕ್ಯವನ್ನು ಓದಿ ಒಪ್ಪಿದ್ದೇನೆಂದು ಅವರು ಸಹಿ ಮಾಡಿದ ಪತ್ರ ಬೇಕು. ಯುಗಾದಿ ಮುಗಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ, ವಾಕ್ಯವನ್ನು ಕನ್ನಡದಲ್ಲಿ ಬರೆದು, ಕೆಳಗೆ ಸಹಿಗೆ ಗೆರೆ ಎಳೆದು, ನಾನು ಯಡೂರಿಗೆ ಹೊರಟೆ. ಕಾರಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಇಷ್ಟು ಹತ್ತಿರವೇ ಎಂದು ಆಶ್ಚರ್ಯವಾಯಿತು.

ಕಸ ತೆಗೆಯುವ ಶಾಂತವ್ವನ ಮನೆಯನ್ನು ಯಾರೂ ತೋರಿಸಬೇಕಾಗಲಿಲ್ಲ, ಕಣ್ಣು ಉಜ್ಜಿಕೊಳ್ಳುತ್ತ ಒಬ್ಬಳು ಅದರಿಂದ ಹೊರಗೆ ಬರುತ್ತಿದ್ದಳು. ಎಪ್ಪತ್ತರ ಹತ್ತಿರದ ಹೆಂಗಸು, ಹಸಿರು ಇಳಕಲ್ ಸೀರೆ, ಕಟ್ಟೆಯ ಮೇಲೆ ಕೂತು ಬಾಯಿ ಮುಕ್ಕಳಿಸುತ್ತಿದ್ದಳು. ಚಿಕ್ಕೋಡಿಯ ಕಣ್ಣಿನ ಡಾಕ್ಟರ್ ಎಂದು ಹೇಳಿಕೊಂಡ ಕೂಡಲೇ ಎದ್ದು ಸೆರಗು ಸರಿಮಾಡಿಕೊಂಡಳು. ಚಾಪೆ ಬಂತು. ಸೊಸೆ ಒಳಗೆ ಚಹಾ ಇಡಲು ಹೋದಳು. ಶಾಂತವ್ವ ಯಾವ ಹೊತ್ತಿನಲ್ಲೂ ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲವಂತೆ, ಕೈಯೊಡ್ಡಿದರೆ ವಿದ್ಯೆ ಹೋಗುತ್ತದೆ ಎಂದು ಆಕೆಯ ಅತ್ತೆ ಹೇಳಿದ್ದಳಂತೆ. ನಾನು ಕಾಗದ ತೆಗೆದು ವಾಕ್ಯವನ್ನು ಓದಿದೆ, ಓದಿ ಸಹಿಯ ಗೆರೆಯನ್ನು ತೋರಿಸಿದೆ.

"ಇನ್ನೊಮ್ಮೆ ಓದ್ರಿ," ಅಂದಳು.

ಓದಿದೆ.

"ಯಾರ ಕಣ್ಣ ಹೋಗ್ಯಾವ್ರಿ?"

"ಹೆಸರ ಹೇಳಾಕ ಬರೂದಿಲ್ಲವ್ವಾ. ನಮ್ಮದು ನಿಯಮ ಐತಿ."

"ಹೆಸರ ಬ್ಯಾಡ್ರಿ. ಊರ ಹೇಳ್ರಿ."

ಊರು ಹೇಳಿದರೂ ನಿಯಮ ಮುರಿದಂತೆಯೇ. ಆದರೆ ಆ ಮುಖದ ಮುಂದೆ ನಿಯಮ ಹೇಳುತ್ತ ಕೂರಲು ನನಗಾಗಲಿಲ್ಲ. "ಮಾಂಜರಿ. ಎಡಗಣ್ಣು," ಅಂದೆ.

"ಭೀಮಪ್ಪ," ಅಂದಳು ಶಾಂತವ್ವ. "ಆಚಿ ವರ್ಷ ದೀಪಾವಳಿ ಆದಮ್ಯಾಲ ಬಂದಿದ್ದ. ಹಗುರ ಆಗೇತಿ ಬೇ ಅಂತ ಮರುದಿನ ಹೇಳಿ ಕಳಿಸಿದ್ದ. ಹೋತೇನ್ರಿ ಅದು?"

"ಹೋತು."

"ಮತ್ತ?"

"ಕಲ್ಲೋಳ. ಹೆಣ್ಣಮಗಳು. ಬಲಗಣ್ಣು."

ಈ ಸಲ ಆಕೆ ಹೆಸರು ಹೇಳಲಿಲ್ಲ. ಕೈ ತಾನಾಗಿ ಬಾಯಿಗೆ ಹೋಯಿತು, ಅಲ್ಲೇ ನಿಂತಿತು. ನಾನು ಇನ್ನೂ ಮೂರು ಊರು ಹೇಳಿದೆ. ನಮ್ಮ ಗುರುಗಳನ್ನು ಬಿಟ್ಟರೆ ಮೂವತ್ತೊಂದು ಆಧಾರಗಳಲ್ಲಿ ಒಬ್ಬರ ಮುಖವನ್ನೂ ನಾನು ಕಂಡವನಲ್ಲ. ಈ ಐದೂ ಮುಖಗಳನ್ನು ನಾವಿಬ್ಬರೂ ಹತ್ತಿರದಿಂದ, ರೆಪ್ಪೆ ಎತ್ತಿ, ಕಂಡಿದ್ದೆವು.

"ನೆಟ್ಟಗಾದ್ರು ಅಂತ ತಿಳಕೊಂಡಿದ್ನಿರಿ," ಅಂದಳು. "ನೆಟ್ಟಗಾದವರು ಬಂದ ಹೇಳ್ತಾರ. ಆಗದವರು ತಿರುಗಿ ಬರೂದಿಲ್ಲ. ನನಗ ಹೆಂಗ ತಿಳೀಬೇಕ್ರಿ?"

ನನ್ನಲ್ಲೂ ಹಾಗೆಯೇ. ನನ್ನ ಕೈಯಲ್ಲಿ ವಾಸಿಯಾಗದವರು ಸದ್ದಿಲ್ಲದೆ ಮಿರಜಿನ ದೊಡ್ಡ ಆಸ್ಪತ್ರೆಗೆ ಹೋಗುತ್ತಾರೆ, ಅವರ ಸುದ್ದಿ ನನಗೂ ಮುಟ್ಟುವುದಿಲ್ಲ.

"ನಿಮಗಿದು ಯಾವಾಗ ತಿಳೀತ್ರಿ?"

"ಎರಡ ವರ್ಷ ಆಗಾಕ ಬಂತು."

"ಮತ್ತ ನನಗ್ಯಾಕ ಹೇಳ್ಲಿಲ್ಲರಿ?"

ಅದು ಜಗಳದ ಮಾತಾಗಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದಳು. ಹೆಸರುಗಳ ನಡುವಿನ ಚುಕ್ಕೆ ತೆಗೆಯುತ್ತಿದ್ದೆ ಎನ್ನಲೇ? ಆಕೆಯ ಬಗ್ಗೆ ದೂರದ ಪಂಡಿತರಿಗೆ ತಿಳಿಸಲು ನನಗೆ ಒಂದೂವರೆ ವರ್ಷ ಪುರಸತ್ತಿತ್ತು. ಆಕೆಗೇ ತಿಳಿಸಬಹುದೆಂಬ ಯೋಚನೆ ಒಂದು ಸಲವೂ ಬರಲಿಲ್ಲ. ಓದಿದವರಿಗೆ ಮಾತ್ರ ಸಾಧ್ಯವಾಗುವ ದಡ್ಡತನವಿದು. "ಇದನ್ನ ಬರ್ಯಾಕತ್ತಿದ್ನಿ ಅವ್ವಾ," ಎಂದು ಕಾಗದ ತೋರಿಸಿದೆ.

ಆಕೆ ಕಾಗದವನ್ನು ನೋಡಿದಳು. "ಅಂದ್ರ ಎರಡ ಹಂಗಾಮ ಹೋದೂವಲ್ರಿ."

ಹೋದವು. ಸೊಸೆ ಚಹಾ ತಂದು ಮುಂದಿಟ್ಟಳು. ಶಾಂತವ್ವ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಎಲೆಅಡಿಕೆಯ ಚೀಲದ ಕೆಳಗೆ ಇಟ್ಟಳು, ಕಣ್ಣೊರಸಿಕೊಂಡು ನನ್ನತ್ತ ಸರಿದು ಕೂತಳು.

"ಸಹಿ ಆಮ್ಯಾಲ ಮಾಡ್ತೀನ್ರಿ. ಮೊದಲ ಇದನ್ನ ಹೇಳ್ರಿ, ಎಂಥಾ ಕಣ್ಣ ನಾ ಮುಟ್ಟಬಾರದು? ನಮ್ಮ ಸೊಸಿನೂ ಇಲ್ಲೇ ಅದಾಳ, ಅಕಿಗೂ ತಿಳೀಲಿ."

ಹೇಳಿದೆ. ರವದಿ ತಾಗಿದ್ದರೆ ಮುಟ್ಟಬೇಡ, ಅವತ್ತೇ ಚಿಕ್ಕೋಡಿಗೆ ಕಳಿಸು, ನೀರಿನಿಂದ ತೊಳೆದರೆ ಸಾಕು ಅಂದೆ. ಹೊಟ್ಟು ದೂಳಿಗೂ ಇನ್ನು ಮೇಲೆ ನೀರೇ ಇರಲಿ ಎಂದೂ ಸೇರಿಸಿದೆ. ಆಕೆ ಎರಡು ಪ್ರಶ್ನೆ ಕೇಳಿದಳು, ಸೊಸೆ ಒಂದು. ಇಬ್ಬರೂ ನನ್ನ ಮಾತನ್ನು ನನಗೇ ತಿರುಗಿಸಿ ಒಪ್ಪಿಸಿದರು. ಎಲ್ಲ ಮುಗಿದ ಮೇಲೆ ಕಪ್ಪು ಎತ್ತಿಕೊಂಡೆ. ಚಹಾ ಇನ್ನೂ ಬಿಸಿಯಾಗಿತ್ತು.